ಮೊಣಕಾಲು ತಾಗುತ್ತದೆಯೇ? ಮೊದಲು ಅಳೆಯಿರಿ, ಆಮೇಲೆ ವ್ಯಾಯಾಮ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸುತ್ತಲಿನ ಯಾವ ರಸ್ತೆಯಲ್ಲಾದರೂ ನಸುಕಿನಲ್ಲಿ ಹೋಗಿ ನೋಡಿ. ಕಬ್ಬಿನ ಟ್ರ್ಯಾಕ್ಟರ್‌ಗಳು ರಸ್ತೆಗಿಳಿಯುವ ಮೊದಲೇ ಓಟ ಮುಗಿಸಲು ಹೊರಟ ಯುವಕರು ಕಾಣುತ್ತಾರೆ. ಈಚೆಗೆ ಯುವತಿಯರೂ ಕಾಣುತ್ತಾರೆ. ಕೆಲವರ ಗುರಿ ಸೇನೆ, ಕೆಲವರದು ಪೊಲೀಸ್ ಇಲಾಖೆ, ಇನ್ನು ಕೆಲವರದು ಬಿಎಸ್ಎಫ್ ಅಥವಾ ಸಿಆರ್‌ಪಿಎಫ್. ಮರಾಠಾ ಲಘು ಪದಾತಿ ದಳದ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ. ಹಾಗಾಗಿ ಸೇನೆ ನಮ್ಮ ಭಾಗದ ಮನೆಗಳಿಗೆ ದೂರದ ಮಾತಲ್ಲ.

ಓಟ, ಎತ್ತರ, ಎದೆಯ ಅಳತೆ, ಲಿಖಿತ ಪರೀಕ್ಷೆ ಎಲ್ಲಕ್ಕೂ ಈ ಯುವಕರು ವರ್ಷಗಟ್ಟಲೆ ಸಿದ್ಧರಾಗುತ್ತಾರೆ. ಕೊನೆಗೆ ವೈದ್ಯಕೀಯ ಪರೀಕ್ಷೆಯಲ್ಲಿ ವೈದ್ಯರು ಪಾದ ಜೋಡಿಸಿ ನಿಲ್ಲಲು ಹೇಳುತ್ತಾರೆ. ಮೊಣಕಾಲುಗಳು ಒಂದಕ್ಕೊಂದು ತಾಗಿ, ಪಾದಗಳ ನಡುವೆ ಹೆಚ್ಚು ಅಂತರ ಉಳಿದರೆ ಕಾಗದದ ಮೇಲೆ ‘ನಾಕ್ ನೀ’ ಎಂದು ಬರೆಯುತ್ತಾರೆ. ಎರಡು ವರ್ಷದ ಶ್ರಮ ಒಂದು ನಿಮಿಷದಲ್ಲಿ ನಿಂತುಹೋಗುತ್ತದೆ. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ವ್ಯಾಯಾಮ ಮಾಡಿದರೆ ಇದು ಸರಿಹೋಗುತ್ತದೆಯೇ?

ಉತ್ತರ: ಕೆಲವರಿಗೆ ಹೌದು, ಕೆಲವರಿಗೆ ಇಲ್ಲ. ನೀವು ಯಾವ ಗುಂಪಿನವರು ಎಂಬುದನ್ನು ಪ್ರಥಮ ಪಿಯುಸಿಯಲ್ಲೇ ತಿಳಿದುಕೊಳ್ಳಬಹುದು. ನೇಮಕಾತಿಗೆ ಹೋಗದವರಿಗೂ ಈ ತಿಳಿವಳಿಕೆ ಬೇಕು. ಇಂದಿನ ಮೊಣಕಾಲಿನಲ್ಲೇ ನಾವು ಅರವತ್ತು ವರ್ಷದವರೆಗೂ ನಡೆಯಬೇಕಲ್ಲವೇ?

ಬಿಜಾಗರಿಯಂಥ ಕೀಲು

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಮೊಣಕಾಲನ್ನು ಬಿಜಾಗರಿ ಕೀಲಿನ ಉದಾಹರಣೆಯಾಗಿ ಓದುತ್ತೇವೆ. ಮೇಲೆ ತೊಡೆಯ ಮೂಳೆ, ಕೆಳಗೆ ಕಣಕಾಲಿನ ದೊಡ್ಡ ಮೂಳೆ, ಮುಂದೆ ಮಂಡಿಚಿಪ್ಪು. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿದ್ದು, ಇವಕ್ಕೆ ಮೆನಿಸ್ಕಸ್ ಎನ್ನುತ್ತಾರೆ. ಕೀಲು ಅತ್ತಿತ್ತ ಜಾರದಂತೆ ಹಿಡಿಯಲು ನಾಲ್ಕು ಮುಖ್ಯ ಅಸ್ಥಿರಜ್ಜುಗಳಿವೆ.

ಬಾಗಿಲಿನ ಬಿಜಾಗರಿಯನ್ನು ನೆನಪಿಸಿಕೊಳ್ಳಿ. ಚೌಕಟ್ಟು ವಾಲಿದರೆ ಬಾಗಿಲು ಕಿರ್ ಎನ್ನುತ್ತದೆ, ಬಿಜಾಗರಿ ಒಂದೇ ಬದಿಯಲ್ಲಿ ಸವೆಯುತ್ತದೆ. ಬಿಜಾಗರಿಗೆ ಎಷ್ಟು ಎಣ್ಣೆ ಬಿಟ್ಟರೂ ಚೌಕಟ್ಟು ನೇರವಾಗದೆ ಪ್ರಯೋಜನವಿಲ್ಲ. ಮೊಣಕಾಲಿಗೆ ಮೇಲಿನ ಚೌಕಟ್ಟು ಸೊಂಟ, ಕೆಳಗಿನ ಚೌಕಟ್ಟು ಪಾದ. ಸೊಂಟದ ಪಕ್ಕದ ಸ್ನಾಯುಗಳು ದುರ್ಬಲವಾಗಿದ್ದರೆ ತೊಡೆ ಒಳಕ್ಕೆ ತಿರುಗುತ್ತದೆ. ಪಾದದ ಕಮಾನು ಕುಸಿದರೆ ಕಣಕಾಲು ಒಳಕ್ಕೆ ತಿರುಗುತ್ತದೆ. ಎರಡೂ ಸಂದರ್ಭಗಳಲ್ಲಿ ಒಳಕ್ಕೆ ವಾಲುವುದು ನಡುವಿನ ಮೊಣಕಾಲೇ. ಆದ್ದರಿಂದ ನೋವು ಮೊಣಕಾಲಿನಲ್ಲಿದ್ದರೂ ಕಾರಣವನ್ನು ಮೇಲೆ ಮತ್ತು ಕೆಳಗೆ ಹುಡುಕಬೇಕಾಗುತ್ತದೆ.

ತೊಡೆಯ ಮೇಲಿನ ಕೀಲಿನ ನಡುವಿನಿಂದ ಪಾದದ ಕೀಲಿನ ನಡುವಿಗೆ ಒಂದು ಗೆರೆ ಎಳೆದರೆ ಅದು ಮೊಣಕಾಲಿನ ಮಧ್ಯದ ಹತ್ತಿರ ಹಾಯಬೇಕು. ಗೆರೆ ಮೊಣಕಾಲಿನ ಹೊರಬದಿಗೆ ಸರಿದರೆ ಮೊಣಕಾಲು ತಾಗುವ ಸ್ಥಿತಿ, ಅಂದರೆ ನಾಕ್ ನೀ. ಒಳಬದಿಗೆ ಸರಿದರೆ ಬಿಲ್ಲುಗಾಲು. ಗೆರೆ ಯಾವ ಬದಿಗೆ ಸರಿಯುತ್ತದೆಯೋ ಆ ಬದಿಯ ಮೃದ್ವಸ್ಥಿಯ ಮೇಲೆ ಭಾರ ಹೆಚ್ಚುತ್ತದೆ. ಸಮತಟ್ಟಾದ ದಾರಿಯಲ್ಲಿ ನಡೆಯುವಾಗಲೇ ಮೊಣಕಾಲಿನ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. ಹಾಗಾಗಿ ಸಣ್ಣ ವಾಲುವಿಕೆಯೂ ವರ್ಷಗಳು ಕಳೆದಂತೆ ಲೆಕ್ಕಕ್ಕೆ ಬರುತ್ತದೆ.

ಎಲ್ಲ ಮಕ್ಕಳ ಕಾಲೂ ಸೊಟ್ಟಗಿರುತ್ತದೆ

ಹುಟ್ಟಿದ ಮಗುವಿನ ಕಾಲು ಬಿಲ್ಲಿನಂತೆ ಬಾಗಿರುತ್ತದೆ. ಒಂದೂವರೆ, ಎರಡು ವರ್ಷಕ್ಕೆ ನೇರವಾಗುತ್ತದೆ. ಮೂರು, ನಾಲ್ಕು ವರ್ಷಕ್ಕೆ ಮೊಣಕಾಲುಗಳು ತಾಗಲು ಶುರುವಾಗುತ್ತವೆ. ಸುಮಾರು ಏಳು ವರ್ಷದ ಹೊತ್ತಿಗೆ ದೊಡ್ಡವರ ಆಕಾರಕ್ಕೆ ಬರುತ್ತವೆ. ಇದು ಸಹಜ ಬೆಳವಣಿಗೆ. ಮನೆಯಲ್ಲಿ ನಾಲ್ಕು ವರ್ಷದ ತಮ್ಮನಿಗೋ ತಂಗಿಗೋ ಮೊಣಕಾಲು ತಾಗುತ್ತಿದ್ದರೆ ಗಾಬರಿಯಾಗಿ ಕಾಲಿಗೆ ಬಟ್ಟೆ ಬಿಗಿದು ಕಟ್ಟುವ ಅಗತ್ಯವಿಲ್ಲ. ದೊಡ್ಡವರಲ್ಲೂ ತೊಡೆ ಮತ್ತು ಕಣಕಾಲಿನ ಮೂಳೆಗಳ ನಡುವೆ ಸುಮಾರು 5ರಿಂದ 7 ಡಿಗ್ರಿ ಹೊರಬಾಗು ಇದ್ದೇ ಇರುತ್ತದೆ. ಸ್ಕೇಲಿನಂತೆ ನೇರವಾದ ಕಾಲು ಯಾರಿಗೂ ಇಲ್ಲ.

ಏಳು ವರ್ಷದ ನಂತರವೂ ಅಂತರ ಹೆಚ್ಚುತ್ತಾ ಹೋದರೆ, ಒಂದೇ ಕಾಲು ಬಾಗಿದರೆ, ಅಥವಾ ಹದಿಹರೆಯದಲ್ಲಿ ಹೊಸದಾಗಿ ಶುರುವಾದರೆ ಕಾರಣ ಹುಡುಕಬೇಕು. ಕಾರಣಗಳು ಹಲವು. ಡಿ ವಿಟಮಿನ್ ಮತ್ತು ಕ್ಯಾಲ್ಸಿಯಂ ಕೊರತೆಯಿಂದ ಬರುವ ರಿಕೆಟ್ಸ್ ಒಂದು. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಗೆ ಬಿದ್ದ ಪೆಟ್ಟು ಇನ್ನೊಂದು. ಕುಡಿಯುವ ನೀರಿನ ಫ್ಲೋರೈಡ್ ಮತ್ತೊಂದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1973ರಲ್ಲೇ ಫ್ಲೋರೈಡ್ ಹೆಚ್ಚಿರುವ ಪ್ರದೇಶದ ಜನರಲ್ಲಿ ಮೊಣಕಾಲು ತಾಗುವಿಕೆಯನ್ನು ಗುರುತಿಸಿ ವರದಿ ಮಾಡಿದ್ದರು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು, ಬೇರೆ ನೀರು ಇಲ್ಲದಿದ್ದರೆ 1.5 ಮಿಲಿಗ್ರಾಂ ಕೊನೆಯ ಮಿತಿ ಎಂದು ಭಾರತೀಯ ಮಾನಕ ಹೇಳುತ್ತದೆ. ಕೊಳವೆಬಾವಿಯ ನೀರನ್ನೇ ಕುಡಿಯುವ ಹಳ್ಳಿಯವರು ಅದನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಆನುವಂಶಿಕ ಕಾರಣವೂ ಇರಬಹುದು. ಇದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಒಂದು ಕಾಯಿಲೆ ಬೆಳಕಿಗೆ ಬಂತು. ಸೊಂಟ ಮತ್ತು ಮೊಣಕಾಲಿನ ಕೀಲುಗಳು ಸವೆದು, ದುಡಿಯುವ ವಯಸ್ಸಿನವರೇ ನಡೆಯಲಾರದಂತಾಗುತ್ತಿದ್ದರು. ಊರಿನ ಹೆಸರಿನಿಂದಲೇ ಅದನ್ನು ಹಂದಿಗೋಡು ಕಾಯಿಲೆ ಎಂದು ಕರೆಯುತ್ತಾರೆ. ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದುಬರುವ ತೊಂದರೆ ಅದು ಎಂದು ಸಂಶೋಧನೆ ಹೇಳಿತು. ಇಂಥ ಕಡೆ ವ್ಯಾಯಾಮ ನೋವು ತಗ್ಗಿಸಲು ನೆರವಾಗಬಹುದು, ಆದರೆ ಮೂಳೆಯ ಆಕಾರವನ್ನು ಬದಲಿಸಲಾರದು. ಎಲ್ಲ ಮೊಣಕಾಲಿಗೂ ಒಂದೇ ಮದ್ದಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ.

ಮನೆಯಲ್ಲೇ ನಾಲ್ಕು ಪರೀಕ್ಷೆ

ಅಳತೆ ಟೇಪು, ಕನ್ನಡಿ, ಒಂದು ಮೆಟ್ಟಿಲು, ಒಬ್ಬ ಗೆಳೆಯ ಅಥವಾ ಗೆಳತಿ ಇದ್ದರೆ ಸಾಕು.

ಮೊದಲನೆಯದು, ನಿಂತು ಅಳೆಯುವುದು. ಬರಿಗಾಲಿನಲ್ಲಿ ನೇರ ನಿಲ್ಲಿ. ಮಂಡಿಚಿಪ್ಪುಗಳು ಮುಂದಕ್ಕೆ ನೋಡುತ್ತಿರಲಿ. ಮೊಣಕಾಲುಗಳು ಹಗುರವಾಗಿ ತಾಗುವಷ್ಟು ಪಾದಗಳನ್ನು ಹತ್ತಿರ ತನ್ನಿ. ಒತ್ತಿ ಹಿಡಿಯಬೇಡಿ. ಈಗ ಎರಡೂ ಪಾದಗಳ ಒಳಬದಿಯ ಗಿಣ್ಣುಗಳ ನಡುವಿನ ಅಂತರ ಅಳೆಯಿರಿ. ಪಾದಗಳು ಮೊದಲೇ ತಾಗಿ ಮೊಣಕಾಲುಗಳ ನಡುವೆ ಜಾಗ ಉಳಿದರೆ ನಿಮ್ಮದು ಬಿಲ್ಲುಗಾಲಿನ ಕಡೆಗೆ ಇದೆ ಎಂದರ್ಥ. ಆಗ ಮೊಣಕಾಲುಗಳ ನಡುವಿನ ಅಂತರ ಬರೆದಿಡಿ.

ಎರಡನೆಯದು, ಮಲಗಿ ಅಳೆಯುವುದು. ಅಂಗಾತ ಮಲಗಿ, ಕಾಲು ಸಡಿಲ ಬಿಟ್ಟು, ಮಂಡಿಚಿಪ್ಪು ಮೇಲಕ್ಕೆ ನೋಡುವಂತೆ ಇಟ್ಟು ಅದೇ ಅಂತರವನ್ನು ಮತ್ತೆ ಅಳೆಯಿರಿ. ನಿಂತಾಗ ಹೆಚ್ಚು, ಮಲಗಿದಾಗ ಬಹಳ ಕಡಿಮೆ ಎಂದಾದರೆ ಸ್ನಾಯು, ಪಾದ, ನಿಲ್ಲುವ ರೀತಿ ಇವುಗಳ ಪಾಲು ದೊಡ್ಡದಿರಬಹುದು. ಎರಡೂ ಅಳತೆ ಒಂದೇ ಆಗಿದ್ದರೆ ಮೂಳೆಯ ಆಕಾರವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ತೊಡೆಯಲ್ಲಿ ಕೊಬ್ಬು ತುಂಬಿದ್ದರೆ ಮೊಣಕಾಲುಗಳು ಬೇಗ ತಾಗಿ ಅಂತರ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ಇದನ್ನೂ ಗಮನದಲ್ಲಿಡಿ.

ಮೂರನೆಯದು, ಮೆಟ್ಟಿಲು ಪರೀಕ್ಷೆ. ಒಂದು ಗೇಣಿಗಿಂತ ಎತ್ತರವಿಲ್ಲದ ಮೆಟ್ಟಿಲ ಮೇಲೆ ಒಂದೇ ಕಾಲಿನಲ್ಲಿ ನಿಂತು, ಇನ್ನೊಂದು ಪಾದದ ಹಿಮ್ಮಡಿಯನ್ನು ನಿಧಾನವಾಗಿ ನೆಲಕ್ಕೆ ತಾಗಿಸಿ. ಮುಂದೆ ಕನ್ನಡಿ ಇರಲಿ. ಬಾಗುವ ಮೊಣಕಾಲು ಪಾದದ ಎರಡನೇ ಬೆರಳಿನ ದಿಕ್ಕಿನಲ್ಲೇ ಹೋದರೆ ಸರಿ. ಹೆಬ್ಬೆರಳನ್ನೂ ದಾಟಿ ಒಳಕ್ಕೆ ಬಿದ್ದರೆ ಸೊಂಟದ ಸ್ನಾಯು ಹಿಡಿತ ಕಳೆದುಕೊಂಡಿದೆ ಎಂದು ತಿಳಿಯಿರಿ. ನೇರವಾಗಿ ನಿಂತಾಗ ಯಾವ ದೋಷವೂ ಕಾಣದವರಲ್ಲೂ ಈ ವಾಲುವಿಕೆ ಕಾಣಬಹುದು. ವ್ಯಾಯಾಮದಿಂದ ಹೆಚ್ಚು ಪ್ರಯೋಜನ ಪಡೆಯುವವರು ಇವರೇ.

ನಾಲ್ಕನೆಯದು, ಹೆಜ್ಜೆ ಗುರುತು. ಒದ್ದೆ ಕಾಲಿನಿಂದ ಒಣ ಫರಸಿಯ ಮೇಲೆ ನಡೆಯಿರಿ. ಪಾದದ ಒಳಬದಿಯಲ್ಲಿ ಖಾಲಿ ಜಾಗ ಬಿಟ್ಟ ಗುರುತು ಮೂಡಿದರೆ ಕಮಾನು ಇದೆ. ಪಾದ ಪೂರ್ತಿ ಅಚ್ಚಾದರೆ ಚಪ್ಪಟೆ ಪಾದ ಇರಬಹುದು. ತುದಿಗಾಲಲ್ಲಿ ನಿಂತಾಗ ಕಮಾನು ಮೂಡಿದರೆ ಅದು ಬಳುಕುವ ಪಾದ. ಅಂಥ ಪಾದಕ್ಕೆ ವ್ಯಾಯಾಮ ಮಾಡಿಸಬಹುದು.

ಮೂಳೆ ಎಲ್ಲಿಯವರೆಗೆ ಮಣಿಯುತ್ತದೆ?

ಉದ್ದ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಫಲಕಗಳಿರುತ್ತವೆ. ಮೊಣಕಾಲಿನ ಸುತ್ತಲಿನ ಫಲಕಗಳು ಸಾಮಾನ್ಯವಾಗಿ ಹುಡುಗಿಯರಲ್ಲಿ 14ರಿಂದ 16, ಹುಡುಗರಲ್ಲಿ 16ರಿಂದ 18ರ ವಯಸ್ಸಿನಲ್ಲಿ ಮುಚ್ಚಿಕೊಳ್ಳುತ್ತವೆ. ಅವು ತೆರೆದಿರುವಾಗ ಮೂಳೆವೈದ್ಯರು ಸಣ್ಣ ಲೋಹದ ಪಟ್ಟಿ ಕೂರಿಸಿ ಒಂದು ಬದಿಯ ಬೆಳವಣಿಗೆಯನ್ನು ತಡೆದು ಕಾಲನ್ನು ನಿಧಾನವಾಗಿ ನೇರಗೊಳಿಸಬಲ್ಲರು. ಮುಚ್ಚಿದ ಮೇಲೆ ಆಕಾರ ಬದಲಿಸಲು ಉಳಿಯುವುದು ಮೂಳೆ ಕತ್ತರಿಸಿ ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆ. ಅದು ನೋವು, ಕುಂಟುವಿಕೆ, ಕೀಲು ಸವೆತ ಇದ್ದವರಿಗಾಗಿ ಇರುವಂಥದ್ದು. ನೋಟಕ್ಕಾಗಿ ಮಾಡಿಸುವಂಥದ್ದಲ್ಲ.

ಪಿಯುಸಿ ಎಂದರೆ ಸರಿಯಾಗಿ ಈ ಗಡಿಯ ವಯಸ್ಸು. ನಿಮ್ಮ ಅಂತರ ಹೆಚ್ಚಿದ್ದು ಇನ್ನೂ ಎತ್ತರ ಬೆಳೆಯುತ್ತಿದ್ದರೆ ತಡಮಾಡದೆ ಮೂಳೆವೈದ್ಯರಿಗೆ ತೋರಿಸಿ. ಒಂದು ಎಕ್ಸ್‌ರೇ ಸಾಕು, ಫಲಕ ತೆರೆದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಎರಡು ವರ್ಷ ಕಳೆದ ಮೇಲೆ ಹೋದರೆ ಇಂದು ಇರುವ ಸುಲಭ ದಾರಿ ಆಗ ಇರುವುದಿಲ್ಲ.

ಮೊಬೈಲಿನಲ್ಲಿ ‘ಹದಿನೈದು ದಿನದಲ್ಲಿ ನಾಕ್ ನೀ ಮಾಯ’ ಎನ್ನುವ ವಿಡಿಯೋಗಳು ಸಾಲುಸಾಲಾಗಿ ಬರುತ್ತವೆ. ಮೊಣಕಾಲುಗಳ ನಡುವೆ ದಿಂಬಿಟ್ಟು ಪಾದಗಳನ್ನು ಹಗ್ಗದಿಂದ ಬಿಗಿಯುವುದು, ರಾತ್ರಿಯಿಡೀ ಬೆಲ್ಟ್ ಕಟ್ಟಿ ಮಲಗುವುದು, ಗೆಳೆಯರಿಂದ ಕಾಲು ತುಳಿಸಿಕೊಳ್ಳುವುದು ಇವುಗಳಿಂದ ಬೆಳೆದು ಗಟ್ಟಿಯಾದ ಮೂಳೆ ನೇರವಾಗುವುದಿಲ್ಲ. ಎಳೆತಕ್ಕೆ ಸಿಕ್ಕುವುದು ಮೊಣಕಾಲಿನ ಹೊರಬದಿಯ ಅಸ್ಥಿರಜ್ಜು. ಅದು ಸಡಿಲಾದರೆ ಇದ್ದ ಭದ್ರತೆಯೂ ಹೋಗುತ್ತದೆ.

ವ್ಯಾಯಾಮ: ವಾರಕ್ಕೆ ನಾಲ್ಕು ದಿನ, ಹನ್ನೆರಡು ವಾರ

ಸ್ನಾಯುವಿನ ದೌರ್ಬಲ್ಯದಿಂದ ವಾಲುವ ಮೊಣಕಾಲಿಗೆ ಈ ಕ್ರಮ. ಮೂಳೆಯೇ ಬಾಗಿದವರೂ ಇದನ್ನು ಮಾಡಬಹುದು. ಅಂತರ ಕಡಿಮೆಯಾಗದಿದ್ದರೂ ಕೀಲಿನ ಮೇಲಿನ ಹೊರೆ ಹಗುರವಾಗುತ್ತದೆ. ಪ್ರತಿಯೊಂದನ್ನೂ ಹನ್ನೆರಡು ಬಾರಿ, ಎರಡರಿಂದ ಮೂರು ಸುತ್ತು ಮಾಡಿ. ಒಟ್ಟು ಅರ್ಧ ಗಂಟೆ ಸಾಕು.

1. ಚಿಪ್ಪು ತೆರೆಯುವುದು: ಒಂದು ಮಗ್ಗುಲಿಗೆ ಮಲಗಿ ಮೊಣಕಾಲು ಮಡಿಸಿ. ಹಿಮ್ಮಡಿಗಳು ಜೋಡಿಸಿಕೊಂಡೇ ಇರಲಿ. ಮೇಲಿನ ಮೊಣಕಾಲನ್ನು ಮಾತ್ರ ಚಿಪ್ಪು ತೆರೆದಂತೆ ಎತ್ತಿ, ನಿಧಾನವಾಗಿ ಇಳಿಸಿ. ಸೊಂಟ ಹಿಂದಕ್ಕೆ ಹೊರಳಬಾರದು. ಸೊಂಟದ ಪಕ್ಕದಲ್ಲಿ ಉರಿದಂತಾದರೆ ಸರಿಯಾದ ಸ್ನಾಯು ಕೆಲಸ ಮಾಡುತ್ತಿದೆ.

2. ಪಕ್ಕಕ್ಕೆ ಕಾಲೆತ್ತುವುದು: ಅದೇ ಮಗ್ಗುಲಿನಲ್ಲಿ ಮೇಲಿನ ಕಾಲನ್ನು ನೇರ ಮಾಡಿ, ತುಸು ಹಿಂದಕ್ಕೆ ಇಟ್ಟು ಒಂದೂವರೆ ಅಡಿ ಎತ್ತಿ ಇಳಿಸಿ.

3. ಸೇತುವೆ: ಅಂಗಾತ ಮಲಗಿ ಮೊಣಕಾಲು ಮಡಿಸಿ ಸೊಂಟವನ್ನು ಮೇಲಕ್ಕೆತ್ತಿ ಐದು ಎಣಿಸಿ. ಯೋಗದಲ್ಲಿ ಸೇತುಬಂಧಾಸನ ಎಂದು ಕಲಿತದ್ದು ಇದನ್ನೇ. ಮೊಣಕಾಲುಗಳ ನಡುವೆ ಒಂದು ಗೇಣು ಅಂತರ ಇರಲಿ.

4. ನೇರ ಕಾಲೆತ್ತುವುದು: ಅಂಗಾತ ಮಲಗಿ ಒಂದು ಕಾಲು ಮಡಿಸಿ, ಇನ್ನೊಂದು ಕಾಲಿನ ತೊಡೆ ಬಿಗಿಹಿಡಿದು ಒಂದು ಅಡಿ ಎತ್ತಿ ಐದು ಎಣಿಸಿ. ಮೊಣಕಾಲು ನೋವಿದ್ದವರು ತೊಡೆಯ ಮುಂಭಾಗಕ್ಕೆ ಬಲ ತುಂಬಲು ಇದರಿಂದ ಆರಂಭಿಸಬಹುದು.

5. ಅರ್ಧ ಬಸ್ಕಿ: ಗರಡಿಯ ಬಸ್ಕಿ ನಮಗೆ ಹೊಸದಲ್ಲ. ಆದರೆ ಇಲ್ಲಿ ಪೂರ್ತಿ ಕೂರುವುದಿಲ್ಲ, ಕುರ್ಚಿಯ ಎತ್ತರಕ್ಕೆ ಬಂದು ಏಳುತ್ತೇವೆ. ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ಗಂಟುಹಾಕಿ ಎರಡೂ ತೊಡೆಗಳ ಸುತ್ತ, ಮೊಣಕಾಲಿನ ತುಸು ಮೇಲೆ ಹಾಕಿಕೊಳ್ಳಿ. ಟ್ಯೂಬ್ ಮೊಣಕಾಲನ್ನು ಒಳಕ್ಕೆ ಎಳೆಯುತ್ತದೆ, ನೀವು ಹೊರಕ್ಕೆ ತಳ್ಳಿ ಎರಡನೇ ಬೆರಳಿನ ದಿಕ್ಕಿನಲ್ಲೇ ನಿಲ್ಲಿಸಬೇಕು. ಅಂಗಡಿಯ ಬ್ಯಾಂಡಿಗೆ ಹಣ ಕೊಡಬೇಕಾಗಿಲ್ಲ.

6. ಮೆಟ್ಟಿಲು ಇಳಿಯುವುದು: ಮೇಲೆ ಹೇಳಿದ ಪರೀಕ್ಷೆಯೇ ಇಲ್ಲಿ ವ್ಯಾಯಾಮ. ಕನ್ನಡಿ ಮುಂದೆ ನಿಧಾನವಾಗಿ ಮಾಡಿ. ಇದನ್ನು ಐದನೇ ವಾರದಿಂದ ಸೇರಿಸಿ.

7. ಪಾದಕ್ಕೆ: ಬೆರಳು ಮಡಿಸದೆ, ಹೆಬ್ಬೆರಳಿನ ಬುಡವನ್ನು ಹಿಮ್ಮಡಿಯ ಕಡೆಗೆ ಎಳೆದು ಕಮಾನು ಎತ್ತಿ ಐದು ಎಣಿಸಿ. ಆಮೇಲೆ ತುದಿಗಾಲಲ್ಲಿ ಎದ್ದು ನಿಧಾನವಾಗಿ ಇಳಿಯಿರಿ.

ಕೊನೆಗೆ ಗೋಡೆಗೆ ಕೈಯೂರಿ ಮೀನಖಂಡವನ್ನೂ, ಕಾಲು ಅಗಲಿಸಿ ತೊಡೆಯ ಒಳಭಾಗವನ್ನೂ ಮೂವತ್ತು ಸೆಕೆಂಡು ಹಿಗ್ಗಿಸಿ.

ಎರಡು ನಿಯಮಗಳನ್ನು ಮರೆಯಬೇಡಿ. ಸ್ನಾಯು ನೋಯಬಹುದು, ಕೀಲು ನೋಯಬಾರದು. ಮರುದಿನ ಬೆಳಿಗ್ಗೆ ಮೊಣಕಾಲು ಊದಿದ್ದರೆ ಅಥವಾ ನೋವು ಹೆಚ್ಚಿದ್ದರೆ ಹಿಂದಿನ ದಿನ ಮಾಡಿದ್ದು ಅತಿಯಾಯಿತು ಎಂದರ್ಥ. ನಾಲ್ಕು ವಾರಕ್ಕೊಮ್ಮೆ ಮೆಟ್ಟಿಲು ಪರೀಕ್ಷೆಯ ವಿಡಿಯೋ ಮಾಡಿಕೊಂಡು ಹೋಲಿಸಿ. ಸ್ನಾಯು ಬಲವಾಗಲು ಎಂಟರಿಂದ ಹನ್ನೆರಡು ವಾರ ಬೇಕೇ ಬೇಕು. ನೇಮಕಾತಿ ರ‍್ಯಾಲಿಗೆ ಹದಿನೈದು ದಿನ ಇರುವಾಗ ಶುರುಮಾಡಿದರೆ ಫಲ ಸಿಗದು.

ಹುಡುಗಿಯರು ಓದಲೇಬೇಕಾದ ಮಾತು

ಒಂದೇ ಆಟ ಆಡುವ ಹುಡುಗ ಹುಡುಗಿಯರನ್ನು ಹೋಲಿಸಿದಾಗ ಮೊಣಕಾಲಿನ ಒಳಗಿನ ಮುಂಭಾಗದ ಅಸ್ಥಿರಜ್ಜು, ಅಂದರೆ ಎಸಿಎಲ್, ಹರಿಯುವುದು ಹುಡುಗಿಯರಲ್ಲಿ ಹೆಚ್ಚು ಎಂದು ಕ್ರೀಡಾವೈದ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಜಿಗಿದು ನೆಲಕ್ಕೆ ಇಳಿಯುವಾಗ, ಕಬಡ್ಡಿ ಅಥವಾ ಖೋಖೋದಲ್ಲಿ ಥಟ್ಟನೆ ದಿಕ್ಕು ಬದಲಿಸುವಾಗ ಮೊಣಕಾಲು ಒಳಕ್ಕೆ ಬೀಳುವುದು ಇದಕ್ಕೆ ಒಂದು ಮುಖ್ಯ ಕಾರಣ.

ಇದನ್ನು ತಡೆಯಬಹುದು. ನಾರ್ವೆ ದೇಶದಲ್ಲಿ 13ರಿಂದ 17 ವರ್ಷದ ಸುಮಾರು 1,900 ಫುಟ್ಬಾಲ್ ಆಟಗಾರ್ತಿಯರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆಟಕ್ಕೆ ಮೊದಲು ಇಪ್ಪತ್ತು ನಿಮಿಷ ಓಟ, ಬಲವರ್ಧನೆ, ಸಮತೋಲನ, ಸರಿಯಾಗಿ ಜಿಗಿದಿಳಿಯುವ ಅಭ್ಯಾಸ ಮಾಡಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಮೇಲೆ ಹೇಳಿದ ವ್ಯಾಯಾಮಗಳೂ ಅದೇ ತತ್ತ್ವದವು. ಮನೆಯ ಕೋಣೆಯಲ್ಲಿ, ಚಾಪೆಯ ಮೇಲೆ, ಯಾವ ಉಡುಪಿನಲ್ಲಿದ್ದರೂ ಮಾಡಬಹುದು. ಮೈದಾನ ಸಿಗಲಿಲ್ಲ ಎಂಬ ಕಾರಣಕ್ಕೆ ಬಿಡಬೇಕಾಗಿಲ್ಲ.

ಕೂರುವುದು, ನಡೆಯುವುದು, ಉಣ್ಣುವುದು

ಬಸ್ಸಿನಲ್ಲಿ ಒಂದು ತಾಸು ಕುಳಿತು ಎದ್ದಾಗ ಮಂಡಿಚಿಪ್ಪಿನ ಸುತ್ತ ಚುಚ್ಚಿದಂತಾಗುತ್ತದೆಯೇ? ಮೆಟ್ಟಿಲು ಇಳಿಯುವಾಗ ನೋಯುತ್ತದೆಯೇ? ಯುವಜನರಲ್ಲಿ ಬಹಳ ಸಾಮಾನ್ಯವಾದ ಮಂಡಿಚಿಪ್ಪಿನ ನೋವು ಇದು. ಇದಕ್ಕೂ ಸೊಂಟ ಮತ್ತು ತೊಡೆಯ ವ್ಯಾಯಾಮವೇ ಮೊದಲ ಚಿಕಿತ್ಸೆ. ಓದಲು ಕುಳಿತಾಗ ಅರ್ಧ ತಾಸಿಗೊಮ್ಮೆ ಕಾಲು ಚಾಚಿ.

ನೆಲದ ಮೇಲೆ ಕೂರುವುದು ತಪ್ಪಲ್ಲ. ನಮಾಜಿನಲ್ಲಿ, ಊಟದ ಪಂಕ್ತಿಯಲ್ಲಿ, ವಜ್ರಾಸನದಲ್ಲಿ ಮೊಣಕಾಲು ಪೂರ್ತಿ ಮಡಚುವುದು ಆರೋಗ್ಯವಂತ ಕೀಲಿಗೆ ಒಳ್ಳೆಯ ಚಲನೆಯೇ. ತೊಂದರೆ ಇರುವುದು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂರುವುದರಲ್ಲಿ. ನಿಪ್ಪಾಣಿ ಸುತ್ತ ಬೀಡಿ ಕಟ್ಟುವ ತಾಯಂದಿರು ಮೊಣಕಾಲು ಮಡಚಿಯೇ ದಿನ ಕಳೆಯುತ್ತಾರೆ. ಅವರಿಗೂ ಸೇತುವೆ ಮತ್ತು ನೇರ ಕಾಲೆತ್ತುವ ವ್ಯಾಯಾಮ ಕಲಿಸಿಕೊಡಿ. ಸಣ್ಣ ಮಕ್ಕಳು ಪಾದಗಳನ್ನು ಎರಡೂ ಬದಿಗೆ ಚಾಚಿ, ನಡುವೆ ನೆಲಕ್ಕೆ ಕೂತುಬಿಡುತ್ತಾರಲ್ಲ, ನಮ್ಮ ವಯಸ್ಸಿನವರಿಗೆ ನೋವು ಇದ್ದರೆ ಆ ಭಂಗಿ ಬೇಡ.

ಕೊಲ್ಹಾಪುರಿ ಚಪ್ಪಲಿ ಎಂದು ಹೆಸರಾದದ್ದನ್ನು ನಮ್ಮ ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳೂ ತಲೆಮಾರುಗಳಿಂದ ಮಾಡುತ್ತಾ ಬಂದಿದ್ದಾರೆ. 2018ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆಯಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ನಡೆಯಲು, ಸಮಾರಂಭಕ್ಕೆ ಹೋಗಲು ಅದು ಚೆನ್ನ. ಆದರೆ ಹಿಮ್ಮಡಿ ಹಿಡಿಯದ ಯಾವ ಚಪ್ಪಲಿಯಲ್ಲೂ ಓಡಬೇಡಿ. ಡಾಂಬರು ರಸ್ತೆಗಿಂತ ಹೊಲದ ಮಣ್ಣಿನ ದಾರಿ ಅಥವಾ ಮೈದಾನ ಉತ್ತಮ. ಓಟದ ದೂರವನ್ನು ಒಮ್ಮೆಲೇ ಇಮ್ಮಡಿ ಮಾಡದೆ ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿ.

ಊಟದಲ್ಲಿ ಹಾಲು, ಮೊಸರು, ರಾಗಿ, ಎಳ್ಳು, ಸೊಪ್ಪು, ಬೇಳೆ, ಮೊಟ್ಟೆ, ಮೀನು ಇರಲಿ. ನೀಟ್, ಸಿಇಟಿ ಎಂದು ಬೆಳಗಿನಿಂದ ರಾತ್ರಿಯವರೆಗೆ ಕೋಣೆಯಲ್ಲೇ ಇರುವವರು ದಿನಕ್ಕೆ ಸ್ವಲ್ಪ ಹೊತ್ತು ಬಿಸಿಲಿಗೆ ಮುಖ, ತೋಳು ಒಡ್ಡಿ. ಸುಸ್ತು, ಮೂಳೆನೋವು ಇದ್ದರೆ ಡಿ ವಿಟಮಿನ್ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. 60,000 ಯೂನಿಟಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ನಿಮ್ಮಷ್ಟಕ್ಕೆ ನೀವೇ ನುಂಗಬೇಡಿ. ಅತಿಯಾದರೆ ಅದೂ ವಿಷವೇ.

ವೈದ್ಯರ ಬಳಿ ಯಾವಾಗ?

ಒಂದೇ ಕಾಲು ಬಾಗಿದ್ದರೆ, ಅಂತರ ಹೆಚ್ಚುತ್ತಲೇ ಇದ್ದರೆ, ಮೊಣಕಾಲು ಊದಿದರೆ, ಮಡಚಿದ್ದು ಬಿಚ್ಚಲಾಗದೆ ಸಿಕ್ಕಿಕೊಂಡರೆ, ನಡೆಯುವಾಗ ಥಟ್ಟನೆ ಕುಸಿದರೆ, ರಾತ್ರಿ ನಿದ್ದೆಗೆಡಿಸುವ ನೋವು ಅಥವಾ ಜ್ವರ ಇದ್ದರೆ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಿ. ಸರ್ಕಾರಿ ತಾಲ್ಲೂಕು ಆಸ್ಪತ್ರೆಯಿಂದ ಆರಂಭಿಸಬಹುದು. ಅಲ್ಲಿಂದ ಬೆಳಗಾವಿಯ ಬಿಮ್ಸ್ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತಾರೆ. ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳ 18 ವರ್ಷದವರೆಗಿನ ವಿದ್ಯಾರ್ಥಿಗಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ಇದೆ. ತಂಡ ಬಂದ ದಿನ ಸಂಕೋಚಪಡದೆ ಮೊಣಕಾಲು ತೋರಿಸಿ.

ನೇಮಕಾತಿಗೆ ಹೊರಟವರಿಗೆ

ವಾಯುಪಡೆಯ ವೈದ್ಯಕೀಯ ಮಾನದಂಡದಲ್ಲಿ ಪಾದದ ಗಿಣ್ಣುಗಳ ನಡುವಿನ ಅಂತರದ ಮಿತಿ ಪುರುಷರಿಗೆ 5 ಸೆಂ.ಮೀ., ಮಹಿಳೆಯರಿಗೆ 8 ಸೆಂ.ಮೀ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ನೇಮಕಾತಿಯ ಅಧಿಸೂಚನೆಯಲ್ಲಿ ನಾಕ್ ನೀ, ಚಪ್ಪಟೆ ಪಾದ, ಉಬ್ಬಿದ ರಕ್ತನಾಳ, ಮೆಳ್ಳೆಗಣ್ಣು ಇರಬಾರದು ಎಂದೇ ಬರೆದಿರುತ್ತದೆ. ಪ್ರತಿ ಪಡೆಯ ನಿಯಮ ಬೇರೆ. ಆದ್ದರಿಂದ ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ನೀವೇ ಓದಿ.

ನಿಮ್ಮ ಅಂತರ ಮಿತಿಯೊಳಗಿದ್ದರೆ ನಿಶ್ಚಿಂತೆಯಿಂದ ಓಡಿ, ಜೊತೆಗೆ ವ್ಯಾಯಾಮ ಬಿಡಬೇಡಿ. ಮಿತಿಯ ಹತ್ತಿರವಿದ್ದು ಮಲಗಿದಾಗ ಕಡಿಮೆಯಾಗುತ್ತಿದ್ದರೆ ತೂಕ ಇಳಿಸುವುದು, ಪಾದದ ಕಮಾನು, ಸೊಂಟದ ಬಲ ಇವುಗಳಿಂದ ನೆರವು ಸಿಗಬಹುದು. ಹನ್ನೆರಡು ವಾರ ಪ್ರಾಮಾಣಿಕವಾಗಿ ಮಾಡಿ ಮತ್ತೆ ಅಳೆಯಿರಿ. ಮಿತಿಗಿಂತ ಬಹಳ ಹೆಚ್ಚಿದ್ದು ಮೂಳೆಯೇ ಕಾರಣ ಎಂದು ವೈದ್ಯರು ಹೇಳಿದರೆ ಆ ಮಾತನ್ನು ನಂಬಿ, ಈಗಲೇ ಬೇರೆ ದಾರಿಯನ್ನೂ ತೆರೆದಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ ತಪ್ಪಾಗಿ ಅಳೆದಿದ್ದಾರೆ ಎನಿಸಿದರೆ ಮರುಪರೀಕ್ಷೆ ಕೇಳುವ ಅವಕಾಶವೂ ಇರುತ್ತದೆ. ಅದರ ಕೊನೆಯ ದಿನಾಂಕ ತಪ್ಪಿಸಬೇಡಿ.

ಮೊಣಕಾಲು ತಾಗುವುದು ಯಾರ ತಪ್ಪೂ ಅಲ್ಲ, ಅವಮಾನವೂ ಅಲ್ಲ. ನೋವಿಲ್ಲದೆ ನಡೆದು, ಓಡಿ, ದುಡಿಯುವವರಲ್ಲಿ ಸ್ವಲ್ಪ ಅಂತರ ಇರುವವರು ಎಷ್ಟೋ ಜನ. ಸಹಪಾಠಿಯ ನಡಿಗೆಯನ್ನು ಅಣಕಿಸುವವರು ಇಷ್ಟನ್ನು ತಿಳಿದರೆ ಸಾಕು. ದೈಹಿಕ ಶಿಕ್ಷಣ ಉಪನ್ಯಾಸಕರ ಕೋಣೆಯಲ್ಲಿ ಅಳತೆ ಟೇಪು ಇದೆ. ಈ ವಾರವೇ ಹೋಗಿ ಅಳೆಸಿಕೊಳ್ಳಿ, ದಿನಾಂಕ ಹಾಕಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ಮೂರು ತಿಂಗಳ ನಂತರ ಅದರ ಕೆಳಗೆ ಇನ್ನೊಂದು ಅಳತೆ ಬರೆಯಿರಿ.